ಯಂತ್ರಕ್ಕೆ ಇಂಧನವಾವುದು? — ಉಗಿಯುಗದ ಭೂತಶೋಧಕ ಕಾದಂಬರಿಗಳ ವಿಚಾರ

ಇಂಗ್ಲಿಷ್ ಭಾಷೆಯ ಕಥಾಸಾಹಿತ್ಯದಲ್ಲಿ ಕಳೆದ ನಾಲ್ಕು ದಶಕಗಳಿಂದೀಚೆಗೆ ಒಂದು ಹೊಸ ಪ್ರಭೇದವು ತಲೆದೋರಿ, ಈಗ ಹಲವು ಶಾಖೆಗಳಾಗಿ ಹಬ್ಬಿರುತ್ತದೆ. ಅದಕ್ಕೆ ಅಲ್ಲಿಯವರು ‘ಸ್ಟೀಂಪಂಕ್’ ಎಂದು ಹೆಸರಿಟ್ಟಿದ್ದಾರೆ. 1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಎಂಬ ಅಮೆರಿಕದ ಕಾದಂಬರೀಕಾರರು ‘ಲೋಕಸ್’ ಎಂಬ ಪತ್ರಿಕೆಗೆ ಬರೆದ ಒಂದು ಕಾಗದದಲ್ಲಿ, ತಾವೂ ತಮ್ಮ ಮಿತ್ರರಾದ ಟಿಮ್ ಪವರ್ಸ್, ಜೇಮ್ಸ್ ಬ್ಲೇಲಾಕ್ ಎಂಬವರೂ ಬರೆಯುತ್ತಿದ್ದ ಕಥೆಗಳಿಗೆ ಅರ್ಧ ವಿನೋದವಾಗಿಯೇ ಈ ನಾಮಕರಣವನ್ನು ಮಾಡಿದರು. ವಿನೋದವಾಗಿ ಇಟ್ಟ ಹೆಸರೇ ಶಾಶ್ವತವಾಯಿತು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ ಪಟ್ಟಣ, ಅನಿಲದೀಪದ ಮಬ್ಬು ಬೆಳಕು, ಕಲ್ಲಿದ್ದಲಿನ ಹೊಗೆ, ಹಿತ್ತಾಳೆಯ ಹಲ್ಲುಚಕ್ರಗಳು, ಉಗಿಯಿಂದ ನಡೆಯುವ ಬೊಂಬೆಮನುಷ್ಯರು, ಮುಗಿಲಲ್ಲಿ ತೇಲುವ ವಾಯುನೌಕೆಗಳು—ಇವೇ ಆ ಕಥೆಗಳ ಸಾಮಗ್ರಿ. ಚಾರ್ಲ್ಸ್ ಬ್ಯಾಬೇಜನು 1822ರಿಂದ ತೊಡಗಿ ಕಟ್ಟಲು ಯತ್ನಿಸಿ ಪೂರ್ಣಗೊಳಿಸಲಾರದೆ ಹೋದ ಗಣನಯಂತ್ರವು ಪೂರ್ಣವಾಗಿದ್ದರೆ ಏನಾಗುತ್ತಿತ್ತೆಂದು ಕಲ್ಪಿಸಿ, ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಎಂಬಿಬ್ಬರು 1990ರಲ್ಲಿ ಬರೆದ ಕಾದಂಬರಿಯು ಈ ಜಾತಿಯಲ್ಲಿ ಪ್ರಸಿದ್ಧವಾದುದು.

ಈ ಪ್ರಭೇದದ ಶಾಖೆಗಳಲ್ಲಿ ಅತ್ಯಂತ ಜನಪ್ರಿಯವಾದುದೊಂದು ಭೂತಶೋಧಕನ ಕಥೆ. ನಾಯಕನು ಪತ್ತೇದಾರನೂ ಹೌದು, ಮಂತ್ರವಾದವನ್ನು ಬಲ್ಲವನೂ ಹೌದು. ಕೊಲೆಗಾರನನ್ನು ಹುಡುಕುತ್ತ ಹೊರಟವನಿಗೆ ಪ್ರೇತಗಳು ಎದುರಾಗುತ್ತವೆ. ಕಥೆಯ ಬಣ್ಣ ಕಪ್ಪು. ರಸ ಭಯಾನಕ, ಬೀಭತ್ಸ. ಇಂತಹ ಗ್ರಂಥಗಳು ಈಗ ಈ ನಾಡಿನ ವಿದ್ಯಾವಂತ ಕುಟುಂಬಗಳಲ್ಲಿಯೂ ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ಕಾಣಿಸಿಕೊಳ್ಳುತ್ತಿವೆ. ಅವುಗಳ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಹಿರಿಯರು, “ಇದು ಅಡಗೂಲಜ್ಜಿಯ ಕಥೆ, ಬುದ್ಧಿಯನ್ನು ಕೆಡಿಸತಕ್ಕದ್ದು, ಮನೆಯೊಳಕ್ಕೆ ಬರಬಾರದು” ಎನ್ನುತ್ತಾರೆ. ಕಿರಿಯರು, “ಇದು ಬರಿಯ ವಿನೋದ, ಇದರಲ್ಲಿ ತಪ್ಪು ಒಪ್ಪುಗಳನ್ನು ಹುಡುಕಲಾಗದು” ಎನ್ನುತ್ತಾರೆ. ಈ ಎರಡು ಪಕ್ಷಗಳೂ ಸಾಧುವಲ್ಲ. ಮೊದಲನೆಯದು ಗ್ರಂಥವನ್ನು ಓದದೆ ತಳ್ಳುತ್ತದೆ. ಎರಡನೆಯದು ಓದಿಯೂ ವಿಚಾರಿಸದೆ ಒಪ್ಪುತ್ತದೆ. ಇಬ್ಬರೂ ಪ್ರಶ್ನೆಯನ್ನೇ ಕೇಳುವುದಿಲ್ಲವಾದ ಕಾರಣ ಇಬ್ಬರಿಗೂ ಉತ್ತರ ದೊರೆಯುವುದಿಲ್ಲ.

ಭೂತಪ್ರೇತಗಳು ಬಂದ ಮಾತ್ರಕ್ಕೆ ಕಾವ್ಯವು ಹೀನವಾಗುವುದಿಲ್ಲವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವನು ರಚಿಸಿದ ಕಥಾಸರಿತ್ಸಾಗರದಿಂದ ವೇತಾಳವನ್ನು ತೆಗೆದುಬಿಟ್ಟರೆ ಆ ಸಾಗರದಲ್ಲಿ ಒಂದು ದೊಡ್ಡ ಕೊಲ್ಲಿಯೇ ಬತ್ತಿಹೋಗುತ್ತದೆ. ಅಲ್ಲಿ ಶವವನ್ನು ಹೆಗಲ ಮೇಲೆ ಹೊತ್ತು ನಡೆಯುವ ತ್ರಿವಿಕ್ರಮಸೇನನಿಗೆ ವೇತಾಳವು ಕಥೆಯೊಂದನ್ನು ಹೇಳಿ, ಕಡೆಯಲ್ಲಿ ಪ್ರಶ್ನೆಯೊಂದನ್ನು ಒಡ್ಡುತ್ತದೆ: ಇವರಲ್ಲಿ ತಪ್ಪು ಯಾರದು? ನ್ಯಾಯವಾಗಿ ಇದು ಯಾರಿಗೆ ಸಲ್ಲತಕ್ಕದ್ದು? ರಾಜನು ಯುಕ್ತಿಯಿಂದಲೂ ಧರ್ಮಜ್ಞಾನದಿಂದಲೂ ನಿರ್ಣಯವನ್ನು ಹೇಳಬೇಕು. ಹೀಗಿರುವುದರಿಂದ ಪ್ರೇತವೂ ಪತ್ತೇದಾರಿಯೂ ಒಂದೆಡೆ ಸೇರುವುದು ಲಂಡನ್ನಿನವರ ಹೊಸ ಆವಿಷ್ಕಾರವೇನೂ ಅಲ್ಲ. ಅಲ್ಲಿ ಪ್ರೇತವಿರುವುದು ಬುದ್ಧಿಯನ್ನು ಮಲಗಿಸುವುದಕ್ಕಲ್ಲ, ಎಚ್ಚರಿಸುವುದಕ್ಕೆ ಎಂಬ ಅಂಶವನ್ನು ಮಾತ್ರ ಮರೆಯಬಾರದು.

ಪಶ್ಚಿಮದ ಪತ್ತೇದಾರಿ ಕಥೆಯೂ ಈ ಎಚ್ಚರದಿಂದಲೇ ಹುಟ್ಟಿದುದು. ಎಡ್ಗರ್ ಆಲನ್ ಪೋ 1841ರಲ್ಲಿ ಬರೆದ ಕಥೆಯಿಂದ ಅದರ ವಂಶವನ್ನು ಎಣಿಸುವುದುಂಟು. ಐರ್ಲೆಂಡಿನ ಶೆರಿಡನ್ ಲೆ ಫಾನು 1872ರ ತನ್ನ ಗ್ರಂಥದಲ್ಲಿ ಹೆಸ್ಸೇಲಿಯಸ್ ಎಂಬ ವೈದ್ಯನನ್ನು ತಂದು, ಭೂತಬಾಧೆಯನ್ನು ರೋಗಿಯ ಚರಿತ್ರೆಯಂತೆ ಪರಿಶೀಲಿಸಿದನು. ಆರ್ಥರ್ ಕಾನನ್ ಡಾಯ್ಲನು ಮುಂದೆ ತಾನೇ ಪ್ರೇತವಾದವನ್ನು ನಂಬಿ, 1926ರಲ್ಲಿ ಅದರ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನಾದರೂ, ತನ್ನ ಷರ್ಲಾಕ್ ಹೋಮ್ಸನ ಬಳಿಗೆ ಮಾತ್ರ ಭೂತವನ್ನು ಬರಗೊಡಲಿಲ್ಲ. ಬಾಸ್ಕರ್‌ವಿಲ್ ಮನೆತನದ ನರಕಶ್ವಾನವು ರಂಜಕವನ್ನು ಬಳಿದ ನಾಯಿಯಾಗಿಯೇ ಹೊರಬೀಳುತ್ತದೆ. ವಿಲಿಯಂ ಹೋಪ್ ಹಾಜ್‌ಸನ್ನನು 1913ರ ಗ್ರಂಥದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಉಪಾಯವನ್ನು ಹಿಡಿದನು. ಅವನ ಕಾರ್ನಾಕಿ ಎಂಬ ಭೂತಶೋಧಕನಿಗೆ ಕೆಲವು ಮನೆಗಳಲ್ಲಿ ನಿಜವಾದ ಭೂತವೂ, ಕೆಲವು ಮನೆಗಳಲ್ಲಿ ಮನುಷ್ಯರ ಮೋಸವೂ ಎದುರಾಗುತ್ತವೆ. ಯಾವುದು ಯಾವುದೆಂದು ಮೊದಲೇ ತಿಳಿಯದಾದುದರಿಂದ ಓದುವವನ ಬುದ್ಧಿಯು ಕಡೆಯವರೆಗೂ ನಿದ್ರಿಸುವುದಿಲ್ಲ.

ಪತ್ತೇದಾರಿಯ ಪ್ರಾಣವು ಅನುಮಾನಪ್ರಮಾಣ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನು ಇದರ ಮುಂದಿನ ಪಾಠವನ್ನೂ ಬಲ್ಲನು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆ ಏಳುವುದಿಲ್ಲ. ಹೊಗೆಯೇಳಬೇಕಾದರೆ ಬೆಂಕಿಯೊಡನೆ ಹಸಿಯ ಸೌದೆಯೂ ಕೂಡಬೇಕು. ಶಾಸ್ತ್ರಕಾರರು ಇದನ್ನು ಉಪಾಧಿಯೆಂದು ಕರೆದರು. ಹೊಗೆಯನ್ನು ಕಂಡವನು ಬೆಂಕಿಯಿದೆಯೆಂದು ಹೇಳಿ ಸುಮ್ಮನಾಗದೆ, ಉರಿಯುತ್ತಿರುವ ವಸ್ತುವಾವುದೆಂದೂ ಕೇಳಬೇಕು ಎಂಬುದು ಇದರಿಂದ ದೊರೆಯುವ ಶಿಕ್ಷಣ. ಸ್ಟೀಂಪಂಕ್ ಕಾದಂಬರಿಗಳಲ್ಲಿ ಪುಟಪುಟಕ್ಕೂ ಹೊಗೆಯುಂಟು. ಆ ಹೊಗೆಗೆ ಇಂಧನವಾವುದೆಂಬ ಪ್ರಶ್ನೆಯನ್ನು ಅಲ್ಲಿಯ ಪತ್ತೇದಾರನು ಕೇಳುವನೆ? ಇದೊಂದೇ ಈ ಗ್ರಂಥಗಳಿಗೆ ಒರೆಗಲ್ಲು.

ಆ ಒರೆಗಲ್ಲಿಗೆ ಪ್ರಸಿದ್ಧವಾದ ಗ್ರಂಥವೊಂದನ್ನು ಹಚ್ಚಿನೋಡಬಹುದು. ಜಾರ್ಜ್ ಮ್ಯಾನ್ ಎಂಬ ಆಂಗ್ಲ ಕಾದಂಬರೀಕಾರರು 2008ರಲ್ಲಿ ಪ್ರಕಟಿಸಿದ ‘ದಿ ಅಫಿನಿಟಿ ಬ್ರಿಜ್’ ಎಂಬುದು ಈ ಶಾಖೆಗೆ ಮಾದರಿಯೆನ್ನಬಹುದಾದ ಕೃತಿ. ಕಥೆಯ ಕಾಲ 1901, ಸ್ಥಳ ಲಂಡನ್. ನಾಯಕನಾದ ಸರ್ ಮಾರಿಸ್ ನ್ಯೂಬರಿಯು ಲೋಕದ ಕಣ್ಣಿಗೆ ಬ್ರಿಟಿಷ್ ವಸ್ತುಸಂಗ್ರಹಾಲಯದ ವಿದ್ವಾಂಸ, ಗುಟ್ಟಾಗಿ ರಾಣಿಯ ಬೇಹುಗಾರ, ಮಂತ್ರತಂತ್ರಗಳನ್ನು ಬಲ್ಲವನು, ಅಫೀಮಿನ ಔಷಧಕ್ಕೆ ಒಳಗಾದವನು. ಅವನ ಸಹಾಯಕಿ ವೆರೋನಿಕಾ ಹಾಬ್ಸ್. ವಾಯುನೌಕೆಯೊಂದು ಪಟ್ಟಣದ ಮೇಲೆ ಬಿದ್ದು ಉರಿದುಹೋಗುತ್ತದೆ. ಅದನ್ನು ನಡೆಸುತ್ತಿದ್ದ ಹಿತ್ತಾಳೆಯ ಬೊಂಬೆಮನುಷ್ಯನ ಸುಳಿವು ಸಿಕ್ಕುವುದಿಲ್ಲ. ವೈಟ್‌ಚಾಪೆಲ್ಲಿನ ಬಡವರ ಕೇರಿಯಲ್ಲಿ ಮೈಯೆಲ್ಲ ಹೊಳೆಯುವ ಪೋಲೀಸಿನವನ ಪ್ರೇತವು ಜನರ ಕತ್ತು ಹಿಸುಕುತ್ತಿದೆಯೆಂಬ ವದಂತಿ ಹಬ್ಬುತ್ತದೆ. ಇವೆರಡರ ನಡುವೆ ಒಂದು ವಿಚಿತ್ರ ಮಾರಿ. ಅದು ತಗುಲಿದವರು ನಡೆದಾಡುವ ಹೆಣಗಳಂತಾಗಿ ಮನುಷ್ಯರ ಮೇಲೆ ಬೀಳುತ್ತಾರೆ. ಚರಿತ್ರೆಯಲ್ಲಿ 1901ನೆಯ ಜನವರಿ 22ರಂದು ತೀರಿಕೊಂಡ ವಿಕ್ಟೋರಿಯಾ ರಾಣಿಯು ಇಲ್ಲಿ ಸತ್ತಿಲ್ಲ. ಯಂತ್ರವೊಂದು ಆಕೆಗೆ ಉಸಿರನ್ನು ಊದುತ್ತ ಸಿಂಹಾಸನದಲ್ಲಿ ಉಳಿಸಿಕೊಂಡಿದೆ.

ಕಥೆಯ ಗುಟ್ಟನ್ನು ಒಡೆಯದೆ ಈ ವಿಚಾರವು ಮುಂದೆ ಸಾಗದು. ಚಕ್ರಗಳಿಂದಲೂ ಸ್ಪ್ರಿಂಗುಗಳಿಂದಲೂ ನಡೆಯುತ್ತವೆಂದು ಲೋಕವು ನಂಬಿದ್ದ ಆ ಬೊಂಬೆಮನುಷ್ಯರ ತಲೆಯೊಳಗೆ ಮನುಷ್ಯರ ಮಿದುಳುಗಳಿರುವುದು ಕಡೆಯಲ್ಲಿ ಹೊರಬೀಳುತ್ತದೆ. ಇದು ಬಹಳ ದೊಡ್ಡ ಕಲ್ಪನೆ. ಹೊಳೆಯುವ ಹಿತ್ತಾಳೆಯ ಹೊದಿಕೆಯನ್ನು ಬಿಚ್ಚಿದರೆ ಒಳಗೆ ಮನುಷ್ಯನ ಮಾಂಸವಿದೆಯೆಂದು ಹೇಳಿದ ಗ್ರಂಥಕಾರರು, ಉಗಿಯುಗದ ಸತ್ಯವನ್ನೇ ಒಂದು ರೂಪಕದಲ್ಲಿ ಹಿಡಿದಿದ್ದಾರೆ. ಇಂಧನವಾವುದೆಂದು ಅವರ ಪತ್ತೇದಾರನು ಇಲ್ಲಿ ನಿಜವಾಗಿಯೂ ಕೇಳಿದ್ದಾನೆ, ಉತ್ತರವನ್ನೂ ಪಡೆದಿದ್ದಾನೆ. ಯಂತ್ರದಿಂದ ಉಸಿರಾಡುವ ರಾಣಿಯ ಚಿತ್ರವೂ ಅಂತಹುದೇ. ಈ ಗುಣಗಳನ್ನು ಮುಚ್ಚಿಟ್ಟು ದೋಷವನ್ನು ಮಾತ್ರ ಎತ್ತಿ ಹೇಳುವುದು ವಿಮರ್ಶೆಯಾಗುವುದಿಲ್ಲ.

ದೋಷವಿರುವುದು ಮಾರಿಯ ವಿಷಯದಲ್ಲಿ. ಆ ರೋಗವು ಲಂಡನ್ನಿಗೆ ಎಲ್ಲಿಂದ ಬಂದಿತು? ಭಾರತದಿಂದ, ಎಂದು ಗ್ರಂಥವು ಹೇಳುತ್ತದೆ. ಬೊಂಬೆಯ ತಲೆಯನ್ನು ಬಿಚ್ಚಿ ನೋಡುವವರೆಗೂ ಸಮಾಧಾನಗೊಳ್ಳದ ಪತ್ತೇದಾರನಿಗೆ ಈ ಒಂದು ಮಾತಿನಿಂದ ಸಂಪೂರ್ಣ ತೃಪ್ತಿಯಾಗಿಬಿಡುತ್ತದೆ. ಪೂರ್ವದಿಕ್ಕಿನಿಂದ ಮಾರಿ ಬರುವುದು, ಸೂರ್ಯನು ಬರುವಷ್ಟೇ ಸಹಜವೆಂದು ಭಾವಿಸಿದಂತಿದೆ. ಏಕೆ ಬಂದಿತು, ಯಾವ ವಾಹನವನ್ನೇರಿ ಬಂದಿತು, ಬರುವ ಮುನ್ನ ಅಲ್ಲಿ ಎಷ್ಟು ಜನರನ್ನು ಕೊಂದಿತು ಎಂಬ ಪ್ರಶ್ನೆಗಳಿಗೆ ಕಥೆಯಲ್ಲಿ ತೂಕವಿಲ್ಲ.

ಕಥೆಯ ಕಾಲವನ್ನು ಗಮನಿಸಿದರೆ ಈ ಮೌನದ ಭಾರವು ತಿಳಿಯುತ್ತದೆ. 1901ರಲ್ಲಿ ಭಾರತದಲ್ಲಿ ನಿಜವಾದ ಮಹಾಮಾರಿಯೊಂದು ನಡೆದಿತ್ತು. ಚೀನಾದೇಶದ ಒಳನಾಡಿನಲ್ಲಿ ಎದ್ದ ಪ್ಲೇಗು 1894ರಲ್ಲಿ ಹಾಂಗ್‌ಕಾಂಗಿಗೆ ತಲುಪಿತು. ಆ ವರ್ಷವೇ ಅಲೆಕ್ಸಾಂಡರ್ ಯೆರ್ಸಿನನು ಅಲ್ಲಿ ಅದರ ಕ್ರಿಮಿಯನ್ನು ಕಂಡುಹಿಡಿದನು. 1896ರಲ್ಲಿ ಆ ರೋಗವು ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಹಡಗಿನ ಸರಕಿನ ನಡುವೆ ಇಲಿಗಳೂ, ಇಲಿಗಳ ಮೈಮೇಲೆ ಚಿಗಟಗಳೂ ಸಾಗಿಬಂದವು. ಚಿಗಟದಿಂದಲೇ ರೋಗವು ಹರಡುವುದೆಂಬುದನ್ನು 1898ರಲ್ಲಿ ಪಾಲ್ ಲೂಯಿ ಸಿಮಾನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ಬಂದರಿನಿಂದ ಒಳನಾಡಿಗೆ ಅದನ್ನು ಒಯ್ದುದು ರೈಲುಬಂಡಿ. 1898ರ ಆಗಸ್ಟ್ ತಿಂಗಳಲ್ಲಿ ಅದು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿಯೇ ಬೆಂಗಳೂರಿಗೆ ಬಂದಿಳಿಯಿತು. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲುಗಳನ್ನು ಕಟ್ಟಿಕೊಂಡರು. ರೋಗಕ್ಕೆ ಪ್ಲೇಗಮ್ಮನೆಂಬ ಹೆಸರಿಟ್ಟು ಗುಡಿಯನ್ನೂ ಕಟ್ಟಿದರು. ಮುಂದಿನ ದಶಕಗಳಲ್ಲಿ ಈ ದೇಶದಲ್ಲಿ ಪ್ಲೇಗಿನಿಂದ ಸತ್ತವರು ಒಂದು ಕೋಟಿಗೂ ಮೇಲ್ಪಟ್ಟವರು.

ಬ್ರಿಟನ್ ದ್ವೀಪಕ್ಕೂ ಅದು ಹೋಗಲಿಲ್ಲವೆಂದಲ್ಲ. 1900ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಪ್ಲೇಗು ಹತ್ತಿತು. 36 ಜನರಿಗೆ ರೋಗ ತಗುಲಿ 16 ಜನರು ಸತ್ತರು. ಆ ಹದಿನಾರು ಜೀವಗಳಿಗೂ ಬೆಲೆಯುಂಟು. ಆದರೆ ಒಂದು ಕಡೆ ಹದಿನಾರು, ಮತ್ತೊಂದು ಕಡೆ ಕೋಟಿ. ಹೀಗಿರಲು ಕಾದಂಬರಿಯ ಕನ್ನಡಿಯಲ್ಲಿ ಭಾರತವು ಮಾರಿಯನ್ನು ಕಳುಹಿಸುವ ನಾಡಾಗಿಯೂ, ಲಂಡನ್ ಅದಕ್ಕೆ ಬಲಿಯಾಗುವ ಪಟ್ಟಣವಾಗಿಯೂ ಕಾಣಿಸುವುದಾದರೆ, ಆ ಕನ್ನಡಿಯು ಬಲವನ್ನು ಎಡವಾಗಿ ತೋರಿಸುತ್ತಿದೆಯೆಂದೇ ಹೇಳಬೇಕು. ರೋಗಕ್ಕೆ ರೆಕ್ಕೆಯನ್ನು ಕೊಟ್ಟುದು ಯಾವ ದೇಶದ ಮಣ್ಣೂ ಅಲ್ಲ; ಸ್ಟೀಂಪಂಕ್ ಕಥೆಗಾರರು ಮೋಹಿಸಿ ವರ್ಣಿಸುವ ಆ ಉಗಿಯಂತ್ರವೇ.

ಅಲ್ಲಿಗೇ ಮುಗಿಯುವುದಿಲ್ಲ. ಯಂತ್ರದಿಂದ ಉಸಿರಾಡುವ ಆ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ದೆಹಲಿಯ ದರ್ಬಾರಿನಲ್ಲಿ ಸಾರಿದುದು 1877ನೆಯ ಜನವರಿ 1ರಂದು. ಆ ದಿನ ದಕ್ಷಿಣದೇಶದಲ್ಲಿ ಧಾತು ಸಂವತ್ಸರದ ಕ್ಷಾಮವು ಉರಿಯುತ್ತಿತ್ತು. ಈಶ್ವರ ಸಂವತ್ಸರದಲ್ಲಿ ಅದು ಇನ್ನೂ ಭಯಂಕರವಾಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ರೈಲುಬಂಡಿಯು ಹಸಿದವರಿಗೆ ಧಾನ್ಯವನ್ನು ತಂದುದೂ ಉಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಕ್ಷಾಮದ ವರ್ಷಗಳಲ್ಲಿಯೂ ಈ ದೇಶದ ಗೋಧಿಯು ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. ಹಿತ್ತಾಳೆಯ ಯಂತ್ರದೊಳಗೆ ಮನುಷ್ಯನ ಮಿದುಳನ್ನು ಕಂಡ ಕಲ್ಪನೆಯು, ರಾಣಿಯ ಯಂತ್ರಕ್ಕೆ ಗಾಳಿಯೂದುವ ತಿದಿಯೊಳಗೆ ಈ ಉಸಿರುಗಳನ್ನು ಕಂಡಿದ್ದರೆ ಆ ಗ್ರಂಥವು ಎಷ್ಟು ಎತ್ತರಕ್ಕೆ ಏರುತ್ತಿತ್ತು! ಭಯಾನಕವನ್ನು ಹುಡುಕಿ ಹೊರಟ ಕವಿಯು ನಿಜವಾದ ಭಯಾನಕದ ಬಾಗಿಲಿಗೆ ಬಂದು, ಬಾಗಿಲನ್ನು ತಟ್ಟದೆ ಹಿಂದಿರುಗಿದಂತಾಯಿತು.

ಇದಕ್ಕೆ ಆಕ್ಷೇಪವೊಂದು ಬರುವುದು ನಿಶ್ಚಯ. “ಕವಿಯು ತನ್ನ ಲೋಕಕ್ಕೆ ತಾನೇ ಪ್ರಜಾಪತಿ. ಆನಂದವರ್ಧನನೇ ಹೀಗೆ ಹೇಳಿದ್ದಾನೆ. ರಾಣಿಯು ಸಾಯದಿರುವ, ಹೆಣಗಳು ನಡೆದಾಡುವ ಲೋಕದಲ್ಲಿ ಪ್ಲೇಗಿನ ಲೆಕ್ಕವನ್ನೂ ಗೋಧಿಯ ಲೆಕ್ಕವನ್ನೂ ಕೇಳುವುದು ಶಾನುಭೋಗರ ವಿಮರ್ಶೆಯಾಯಿತೇ ಹೊರತು ಸಹೃದಯನದಾಗಲಿಲ್ಲ.” ಈ ಆಕ್ಷೇಪವು ಕೇಳಲು ಇಂಪಾಗಿದೆ. ಆದರೆ ಕವಿಯನ್ನು ಪ್ರಜಾಪತಿಯೆಂದ ಆನಂದವರ್ಧನನೇ, ರಸವು ಕೆಡುವುದು ಅನೌಚಿತ್ಯದಿಂದಲೇ ಎಂದೂ ನಿಶ್ಚಯಿಸಿದ್ದಾನೆ. ಹಾರುವ ನೌಕೆಯಿಂದಾಗಲಿ ನಡೆಯುವ ಹೆಣದಿಂದಾಗಲಿ ಔಚಿತ್ಯಕ್ಕೆ ಭಂಗವಿಲ್ಲ. ಅವು ಕವಿಯ ಸ್ವಂತ ಸೃಷ್ಟಿ. ಲಂಡನ್, ವಿಕ್ಟೋರಿಯಾ, 1901, ಭಾರತ—ಇವು ಅವನು ಸೃಷ್ಟಿಸಿದವುಗಳಲ್ಲ. ಚರಿತ್ರೆಯಿಂದ ಕಡ ತಂದವುಗಳು. ಅವನ ಕಥೆಗೆ ಬೇಕಾದ ಗಾಂಭೀರ್ಯವೆಲ್ಲ ಆ ಹೆಸರುಗಳಿಂದಲೇ ಬರುತ್ತದೆ. ಕಡ ತಂದವನು ಬಡ್ಡಿಯನ್ನು ತೆರಲೇಬೇಕು. ಕೇವಲ ಕಲ್ಪಿತವಾದ ದ್ವೀಪವೊಂದರಿಂದ ಮಾರಿಯು ಬಂದಿತೆಂದಿದ್ದರೆ ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಮತ್ತೊಂದು ಆಕ್ಷೇಪವುಂಟು: “ಬರೆದವರು ಆಂಗ್ಲರು, ಅವರ ಓದುಗರಿಗಾಗಿ ಬರೆದರು. ಕನ್ನಡನಾಡಿನವರಿಗೆ ಅದರ ಗೊಡವೆಯೇಕೆ?” ಗೊಡವೆಯುಂಟು, ಏಕೆಂದರೆ ಆ ಗ್ರಂಥಗಳನ್ನು ಇಲ್ಲಿಯ ಮಕ್ಕಳೂ ಓದುತ್ತಿದ್ದಾರೆ. ಉಗಿ, ಹಿತ್ತಾಳೆ, ಎತ್ತರದ ಟೋಪಿ, ಅನಿಲದೀಪ—ಇವುಗಳ ಸೊಬಗಿಗೆ ಮಾರುಹೋಗಿ, ಆ ಕಾಲವು ಎಷ್ಟು ಚೆನ್ನಾಗಿತ್ತೆಂದು ಹಂಬಲಿಸುವ ಬಾಲಕನು, ಆ ಸೊಬಗಿಗೆ ಸೌದೆಯಾದವರಲ್ಲಿ ತನ್ನ ಮುತ್ತಜ್ಜನ ತಂದೆಯೂ ಇದ್ದಿರಬಹುದೆಂಬುದನ್ನು ಅರಿಯನು. ತನ್ನ ಮನೆ ಸುಟ್ಟ ಬೆಂಕಿಯ ಬೆಳಕಿನಲ್ಲಿ ನೆರೆಮನೆಯ ಚಂದವನ್ನು ನೋಡಿ ಮೆಚ್ಚುವವನ ಸ್ಥಿತಿ ಅವನದು. ಅವನ ಬುದ್ಧಿ ಕೆಡುವುದು ಪ್ರೇತಗಳಿಂದಲ್ಲ. ಯಾವ ಪ್ರೇತಗಳನ್ನು ಕಥೆಯಿಂದ ಹೊರಗೆ ನಿಲ್ಲಿಸಲಾಗಿದೆಯೋ ಅವುಗಳ ಅಜ್ಞಾನದಿಂದ.

ಇಲ್ಲಿ ವೇತಾಳನ ಕಥೆಯೊಂದನ್ನು ನೆನೆಯುವುದು ಉಚಿತ. ಹದ್ದೊಂದು ಹಾವನ್ನು ಕಾಲಲ್ಲಿ ಹಿಡಿದು ಮರದ ಮೇಲೆ ಕುಳಿತಿತ್ತು. ಆ ಹಾವಿನ ಬಾಯಿಂದ ವಿಷವು ತೊಟ್ಟಿಕ್ಕಿ, ಕೆಳಗೆ ಹಸಿದ ಬ್ರಾಹ್ಮಣನೊಬ್ಬನು ಇಟ್ಟಿದ್ದ ಅನ್ನದಲ್ಲಿ ಬಿದ್ದಿತು. ಅವನಿಗೆ ಅನ್ನವನ್ನು ಕೊಟ್ಟವಳು ಪುಣ್ಯವಂತೆಯಾದ ಗೃಹಿಣಿ. ಅವನು ಉಂಡು ಸತ್ತನು. ಪಾಪವು ಯಾರಿಗೆ—ಹದ್ದಿಗೋ, ಹಾವಿಗೋ, ಅನ್ನವಿಟ್ಟವಳಿಗೋ? ಎಂದು ವೇತಾಳವು ಕೇಳಲು, ರಾಜನು ಕೊಟ್ಟ ತೀರ್ಪು ವಿಲಕ್ಷಣವಾದುದು: ಇವರಲ್ಲಿ ಯಾರಿಗೂ ಅಲ್ಲ, ವಿಚಾರಿಸದೆ ಇವರಲ್ಲಿ ಒಬ್ಬರ ಮೇಲೆ ಪಾಪವನ್ನು ಹೊರಿಸುವ ಮೂಢನಿಗೆ. ಲಂಡನ್ನಿನ ಹಿತ್ತಾಳೆಯ ಪತ್ತೇದಾರನು ಈ ತೀರ್ಪಿನ ಮುಂದೆ ಒಂದು ಕ್ಷಣ ನಿಲ್ಲಬೇಕಾಗಿದೆ. ಮಾರಿಯು ಪೂರ್ವದಿಂದ ಬಂದಿತೆಂದು ವಿಚಾರಿಸದೆ ಹೇಳಿದವನು ಯಾವ ಪಂಕ್ತಿಗೆ ಸೇರಿದನೆಂಬುದನ್ನು ಅವನೇ ಊಹಿಸಿಕೊಳ್ಳಬಲ್ಲನು. ಈ ತೀರ್ಪು ಇತ್ತಲಿನವರಿಗೂ ಅನ್ವಯಿಸತಕ್ಕದ್ದೇ. ಎಲ್ಲ ಕೇಡೂ ಆಂಗ್ಲರಿಂದಲೇ ಬಂದಿತೆಂದು ಕಣ್ಣುಮುಚ್ಚಿ ಹೇಳುವುದೂ ಅದೇ ಮೂಢತನವಾಗುವುದು. ಪ್ಲೇಗಿನ ಚುಚ್ಚುಮದ್ದನ್ನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ ವಾಲ್ಡೆಮಾರ್ ಹಾಫ್‌ಕಿನ್ನನು ಬಂದುದೂ ಪಶ್ಚಿಮದಿಂದಲೇ. ಬಹುಶಃ ಉಗಿಯ ಹಡಗಿನಲ್ಲಿಯೇ.

ಆದುದರಿಂದ ಹಿರಿಯರು ಮಾಡಬೇಕಾದುದು ಪುಸ್ತಕವನ್ನು ಕಿತ್ತುಕೊಳ್ಳುವುದಲ್ಲ. ಕಿತ್ತುಕೊಂಡ ಪುಸ್ತಕವು ಹಾಸಿಗೆಯ ಕೆಳಗೆ ಸೇರಿ ಎರಡರಷ್ಟು ಓದಿಸಿಕೊಳ್ಳುತ್ತದೆ. ಮಕ್ಕಳು ಓದಲಿ. ಓದಿ ಮುಗಿಸಿದ ಮೇಲೆ ಊಟದ ಹೊತ್ತಿನಲ್ಲಿ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು: ಆ ಯಂತ್ರಕ್ಕೆ ಇಂಧನವಾವುದು? ಗ್ರಂಥದಲ್ಲಿ ಉತ್ತರವಿದ್ದರೆ ಅದು ಒಳ್ಳೆಯ ಗ್ರಂಥ. ಇಲ್ಲದಿದ್ದರೆ ಆ ಉತ್ತರವನ್ನು ಹುಡುಕಹೊರಟ ಮಗುವು ಚರಿತ್ರೆಯ ಪುಸ್ತಕವನ್ನು ತಾನಾಗಿಯೇ ತೆರೆಯುತ್ತದೆ.

ಇನ್ನು ಕನ್ನಡದಲ್ಲಿ ಇಂತಹ ಕಾದಂಬರಿಯನ್ನು ಬರೆಯಬೇಕೆಂಬ ಆಸೆಯುಳ್ಳ ತರುಣರಿಗೆ ಲಂಡನ್ನಿನ ಮಂಜನ್ನು ಕಡ ತರಬೇಕಾದ ಕಷ್ಟವಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತಲುಪುವ ಮುನ್ನ ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿಯಂತ್ರಗಳೇ ಹಗಲಿರುಳು ದುಡಿದವು. ಅವುಗಳ ಕೆಳಗೆ, ನೆಲದ ಗರ್ಭದಲ್ಲಿ, ಮನುಷ್ಯರು ದುಡಿದರು, ಸತ್ತರು. 1898ರ ಬೆಂಗಳೂರಿನ ರೈಲುನಿಲ್ದಾಣವುಂಟು, ಬೀಗ ಹಾಕಿದ ಬೀದಿಗಳುಂಟು, ಪ್ಲೇಗಮ್ಮನ ಗುಡಿಯುಂಟು. ಭೂತಗಳಿಗಂತೂ ಕೊರತೆಯಿಲ್ಲ. ಕೊರತೆಯಿರುವುದು, ಹೆಣವನ್ನು ಹೆಗಲಿಗೇರಿಸಿಕೊಂಡು ಅದು ಕೇಳುವ ಪ್ರಶ್ನೆಗೆ ಪಕ್ಷಪಾತವಿಲ್ಲದೆ ಉತ್ತರ ಹೇಳಬಲ್ಲ ಶೋಧಕನದು. ಅಂತಹ ಶೋಧಕನನ್ನು ಸೃಷ್ಟಿಸಿದ ಕೃತಿಯು ಯಾವ ಭಾಷೆಯಲ್ಲಿ ಬಂದರೂ ಅದನ್ನು ಮನೆಯೊಳಕ್ಕೆ ಕರೆಯಬೇಕಾದುದು ವಿದ್ಯಾವಂತರ ಕರ್ತವ್ಯ.